ಇಲ್ಲದ ಪುಸ್ತಕದ ಲೆಕ್ಕ ಹಿಡಿದ ಕತೆ

"ಅರ್ಧ ಪುಸ್ತಕವೇ ಇಲ್ಲ. ಕುಂಬಳೆಯಲ್ಲಿ ಕೂತು ಯಾವ ಲೆಕ್ಕ ಕೂಡಿಸುತ್ತೀರಿ ಮಾಷ್ಟ್ರೇ?"

ಎರಡನೇ ಮಹಾಯುದ್ಧದ ಏಳು ಬಜೆಟ್ ವರ್ಷ, ಅಂದರೆ 1939-40ರಿಂದ 1945-46ರವರೆಗೆ, ಭಾರತ ಸರ್ಕಾರ ಸೇನೆಗೆ ಎಷ್ಟು ಸುರಿಯಿತು ಅಂತ ಹಳೇ ಬಜೆಟ್ ಪುಸ್ತಕಗಳಿಂದ ಪಟ್ಟಿ ಮಾಡಲು ಹೊರಟಾಗ ಗೆಳೆಯರೊಬ್ಬರು ಹೀಗೆ ಕೇಳಿದ್ದರು. ಕಾಮರ್ಸ್ ಪಾಠ ಮಾಡಿ ನಿವೃತ್ತನಾದವನು ನಾನು. ಕೇಳಿ ರೋಷ ಬಂತು. ಪಟ್ಟಿ ಈಗ ಮುಗಿದಿದೆ. ಅವರೇ ಒಂದು ಪ್ರತಿ ಕೇಳಿ ಒಯ್ದಿದ್ದಾರೆ.

ಮೊದಲ ವರ್ಷ ಪೂರ್ತಿ ದಂಡ. ಅಂತಿಮ ಲೆಕ್ಕ ಸಿಗದ ಕಡೆಯೆಲ್ಲ ಬಜೆಟ್ ಅಂದಾಜನ್ನೇ ತುಂಬಿಸಿದ್ದೆ. ಶಾಂತಿಕಾಲದಲ್ಲಾದರೆ ನಡೆದೀತು. ಯುದ್ಧಕಾಲದ ಅಂದಾಜು ಅಂದರೆ ಮಳೆಗಾಲದಲ್ಲಿ ಅಡಿಕೆ ಒಣಗಿಸಿದ ಹಾಗೆ. 1942-43ಕ್ಕೆ 133 ಕೋಟಿ ಅಂತ ಆಗಿನ ಸರ್ಕಾರದ ಹಣಕಾಸು ಸದಸ್ಯ ರೈಸ್ಮನ್ ಬಜೆಟ್ ಇಟ್ಟರು. ಕೊನೆಗೆ ಆದದ್ದು 214 ಕೋಟಿಯ ಹತ್ತಿರ. ಇಂಥ ಅಂಕಿ ಮೂರು ಕಡೆ ತುಂಬಿಸಿದ ಮೇಲೆ ಪಟ್ಟಿಗೆ ಅರ್ಥ ಉಂಟಾ? ಎಲ್ಲ ಹರಿದು ಹಾಕಿದೆ.

ಆಮೇಲೆ ತಲೆಗೆ ಹೊಳೆದದ್ದು ಇಷ್ಟೇ. ಒಂದು ವರ್ಷದ ಖರ್ಚು ಮೂರು ಬಜೆಟ್‌ಗಳಲ್ಲಿ ಬರುತ್ತದೆ: ಮೊದಲು ಅಂದಾಜಾಗಿ, ಮರುವರ್ಷ ಪರಿಷ್ಕೃತ ಅಂದಾಜಾಗಿ, ಅದರ ಮರುವರ್ಷ ನಿಜವಾದ ಲೆಕ್ಕವಾಗಿ. ಹಾಗಾಗಿ ನಾನು ಹಿಂದಿನಿಂದ ಮುಂದಕ್ಕೆ ಹೋಗುವುದನ್ನು ಬಿಟ್ಟು 1947ರಿಂದ ಹಿಂದಕ್ಕೆ ಬಂದೆ. ಅಲ್ಲಿಗೇ ಅರ್ಧಕ್ಕಿಂತ ಜಾಸ್ತಿ ತುಂಬಿತು.

ಉಳಿದ ತೂತುಗಳಿಗೆ ಕಳೆಯುವ ಲೆಕ್ಕ. ಸೇನೆಯ ಪುಟ ಹೋಗಿದ್ದರೂ ಒಟ್ಟು ಖರ್ಚು ಮತ್ತು ಸಿವಿಲ್ ಖರ್ಚು ಬೇರೆ ಎಲ್ಲಾದರೂ ಉಳಿದಿರುತ್ತದೆ. ರಿಸರ್ವ್ ಬ್ಯಾಂಕಿನ ಕರೆನ್ಸಿ ಮತ್ತು ಫೈನಾನ್ಸ್ ವರದಿಗಳು ಇದಕ್ಕೆ ಚಿನ್ನ. ಗೊತ್ತಿರುವ ಅಂಕಿಯ ಮೇಲೇ ಮೊದಲು ಪರೀಕ್ಷೆ ಮಾಡಿದೆ: 1942ರ ಬಜೆಟ್‌ನಲ್ಲಿ ಒಟ್ಟು 187 ಕೋಟಿ, ಸಿವಿಲ್ 54, ಉಳಿದದ್ದು 133. ಸರಿ ಬಂತು. ಅಚ್ಚಿನ ತಪ್ಪು ಹಿಡಿಯಲು ಇನ್ನೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನಗೂ ನಾಲ್ಕು ದಿನ ಹೆಚ್ಚುಗಾರಿಕೆ ಇರಲಿ.

ದೊಡ್ಡ ಪೆಟ್ಟು ತಿಂದದ್ದು ಬ್ರಿಟನ್‌ನಿಂದ ವಸೂಲಾಗುವ ಖರ್ಚಿನಲ್ಲಿ. ಸೇನೆಯ ಖರ್ಚನ್ನು ಭಾರತ, ಬ್ರಿಟನ್ ಹೇಗೆ ಹಂಚಿಕೊಳ್ಳಬೇಕು ಅಂತ 1939ರ ನವೆಂಬರ್‌ನಲ್ಲಿ ಒಪ್ಪಂದ ಆಗಿತ್ತು. ಶಾಂತಿಕಾಲದ ಮಾಮೂಲು ಖರ್ಚು 36.77 ಕೋಟಿ, ಅದರ ಮೇಲೆ ಬೆಲೆ ಏರಿಕೆ, ಭಾರತಕ್ಕೇ ಬೇಕಾದ ಯುದ್ಧದ ಕೆಲಸ, ಹೊರದೇಶದ ಪಡೆಗಳಿಗಾಗಿ ಒಂದು ಕೋಟಿ. ಇಷ್ಟು ನಮ್ಮ ತಲೆಗೆ, ಉಳಿದದ್ದು ಬ್ರಿಟನ್ನಿಗೆ. ನಾನು ಕೆಲವು ವರ್ಷ ಎರಡನ್ನೂ ಕೂಡಿಸಿ, ಕೆಲವು ವರ್ಷ ಬರೀ ನಮ್ಮ ಪಾಲು ಬರೆದಿದ್ದೆ. 1944-45ರಲ್ಲಿ ನಮ್ಮ ಪಾಲೇ ಸುಮಾರು 395 ಕೋಟಿ, ವಸೂಲಾಗಬೇಕಾದದ್ದು 410ರ ಆಸುಪಾಸು. ಬೆರೆಸಿದರೆ ಖರ್ಚು ಒಂದೇ ವರ್ಷದಲ್ಲಿ ಇಮ್ಮಡಿ!

ಬೇರೆ ಮಾಡಿದ ಮೇಲೆ ವಸೂಲಿನ ಏಳು ವರ್ಷದ ಮೊತ್ತ 1700 ಕೋಟಿ ದಾಟಿತು. ಬ್ರಿಟನ್ ಈ ದುಡ್ಡು ಕೊಡುತ್ತಿದ್ದದ್ದು ಸ್ಟರ್ಲಿಂಗ್‌ನಲ್ಲಿ, ಅಂದರೆ ಪೌಂಡಿನಲ್ಲಿ. ಲಂಡನ್ನಿನಲ್ಲಿ ನಮ್ಮ ಹೆಸರಿಗೆ ಜಮೆಯಾದ ಸ್ಟರ್ಲಿಂಗ್ ಸುಮಾರು 130 ಕೋಟಿ ಪೌಂಡ್. ರೂಪಾಯಿಗೆ ಒಂದು ಶಿಲ್ಲಿಂಗ್ ಆರು ಪೆನ್ಸ್, ಅಂದರೆ ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರೆ. ಗುಣಿಸಿದರೆ 1733 ಕೋಟಿ. ತಾಳೆಯಾಯಿತು! ಮನೆಯಲ್ಲಿ ಹೋಳಿಗೆ ಮಾಡಿಸಿದೆ. ಮೂರನೇ ದಿನ ಹೊಟ್ಟೆಯಲ್ಲಿ ಕಸಿವಿಸಿ. ಅದೇ ಸ್ಟರ್ಲಿಂಗ್‌ನಿಂದ ಭಾರತದ ಹಳೇ ಪೌಂಡ್ ಸಾಲವನ್ನು ಯುದ್ಧದ ನಡುವೆಯೇ ತೀರಿಸಿದ್ದರಲ್ವಾ? ರಫ್ತಿನ ದುಡ್ಡೂ ಅದರೊಳಗೆ ಸೇರಿತ್ತು. ಒಂದು ಕಳೆದು, ಒಂದು ಕೂಡಿ, ಆಕಸ್ಮಿಕವಾಗಿ ಹತ್ತಿರ ಬಂದಿತ್ತು ಅಷ್ಟೇ. ಆ ತಾಳೆಯನ್ನು ಪಟ್ಟಿಯಿಂದ ತೆಗೆದೆ. ಹೋಳಿಗೆ ಹೇಗೂ ಖಾಲಿಯಾಗಿತ್ತು.

ದುಡ್ಡಿನ ವಿಷಯ ಹೇಳಲೇಬೇಕು. ಹಳೇ ಪುಸ್ತಕ ಹುಡುಕಿಕೊಂಡು ಚೆನ್ನೈ ಮೇಲ್ ಹತ್ತಿ ಚೆನ್ನೈಗೆ ನಾಲ್ಕು ಸಲ, ದಿಲ್ಲಿಗೆ ಒಂದು ಸಲ. ಊಟ, ರೂಮು, ಜೆರಾಕ್ಸ್ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಗಿರಬೇಕು. ಒಂದು ಲೈಬ್ರರಿಯಲ್ಲಿ ಎರಡು ದಿನ ಕಾಯಿಸಿ, ಕೊನೆಗೆ ಬೇರೆಯೇ ವರ್ಷದ ಸಂಪುಟ ತಂದು ಕೊಟ್ಟರು. ಆ ವರ್ಷದ ಅಡಿಕೆಯ ದುಡ್ಡು ಅಲ್ಲಿಗೆ ಮುಗಿಯಿತು. ಮನೆಯವಳು ಈಗಲೂ ಅದನ್ನು "ನಿಮ್ಮ ಯುದ್ಧದ ಖರ್ಚು" ಅನ್ನುತ್ತಾಳೆ.

ನಡುವೆ ಸುಮ್ನೆ ಒಂದು ಚಪಲ. ಬೇಕಲ ಕೋಟೆ ಟಿಪ್ಪುವಿನ ಕೈಯಲ್ಲಿದ್ದಾಗ ಅಲ್ಲಿನ ಪಡೆಗೆ ಎಷ್ಟು ಖರ್ಚಾಗುತ್ತಿತ್ತು ಅಂತ ನೋಡಲು ಹೋದೆ. ಟಿಪ್ಪು ಸಂವತ್ಸರಗಳ ಹೆಸರನ್ನೇ ಬದಲಿಸಿದವನು, ವರ್ಷ ಗುರುತಿಸುವುದರಲ್ಲೇ ಸುಸ್ತು. ವರಹಗಳಲ್ಲೂ ಹತ್ತು ಜಾತಿ. ಒಬ್ಬರ ಅಟ್ಟದಿಂದ ಕಡತ ಒಂದು ಸಿಕ್ಕಿತು. ಬಿಡಿಸಿ ಓದಿದರೆ ದೇವಸ್ಥಾನದ ಅಕ್ಕಿ ಲೆಕ್ಕ. ಕೈಮುಗಿದು ವಾಪಸು ಕೊಟ್ಟೆ.

ಹಳೇ ವರ್ಷಗಳಿಗೆ ಹೋಲಿಸುವವರು ಎರಡು ಕಡೆ ಎಚ್ಚರವಾಗಿರಬೇಕು. 1937ರ ಏಪ್ರಿಲ್‌ನಲ್ಲಿ ಬರ್ಮಾ ಬೇರೆಯಾಯಿತು, ಅದಕ್ಕೆ ಮುಂಚಿನ ಅಂಕಿಯಲ್ಲಿ ಅದೂ ಸೇರಿದೆ. ಇನ್ನು ಬೆಲೆ: 1939ರ ಆಗಸ್ಟ್ 100 ಅಂದರೆ ಯುದ್ಧದ ಕೊನೆಗೆ ಸಗಟು ಬೆಲೆ ಸುಮಾರು 245. ನಮ್ಮ ಪಾಲು 1939-40ರ ಸುಮಾರು 50 ಕೋಟಿಯಿಂದ 395 ಆದದ್ದು ನೋಡಿ ಎಂಟು ಪಟ್ಟು ಅಂತ ನಾನೂ ಬರೆದಿದ್ದೆ. ಬೆಲೆ ತೆಗೆದರೆ ಮೂರು ಪಟ್ಟು ಚಿಲ್ಲರೆ.

ಈಗ ಕೈಯಲ್ಲಿರುವುದು 1947-48. ಆಗಸ್ಟ್ 15ಕ್ಕೆ ವರ್ಷವೇ ಸೀಳಿದೆ. ಸ್ವತಂತ್ರ ಭಾರತದ ಮೊದಲ ಹಣಕಾಸು ಮಂತ್ರಿ ಷಣ್ಮುಖಂ ಚೆಟ್ಟಿಯವರ ನವೆಂಬರ್ ಬಜೆಟ್ ಉಳಿದ ಏಳೂವರೆ ತಿಂಗಳಿಗೆ ಮಾತ್ರ. ಮೊದಲ ನಾಲ್ಕೂವರೆ ತಿಂಗಳು ಇನ್ನೂ ಸಿಕ್ಕಿಲ್ಲ. ಈ ಸಲದ ಅಡಿಕೆ ಕೊಯ್ಲು ಮುಗಿಯಲಿ, ದಿಲ್ಲಿಗೆ ಟಿಕೆಟ್ ಮಾಡಿಸಬೇಕು. ಮನೆಯಲ್ಲಿ ಇನ್ನೂ ಹೇಳಿಲ್ಲ.