ಹೆಂಗೂ ಬೀಳೋ ಹಲ್ಲು ಅಂತ ಬಿಡಬೇಡಿ

ಮೂರು ವರ್ಷದ ಕೂಸು ನಕ್ಕರೆ ಮುಂದಿನ ನಾಲ್ಕೂ ಹಲ್ಲು ಕರ್ರಗೆ. ಕೇಳಿದರೆ ತಾಯಿ ಅಂತಾಳೆ, "ಹಾಲಹಲ್ಲ ಅಲ್ರಿ ಆಯಿ, ಹೆಂಗೂ ಬೀಳ್ತಾವ." ನಮ್ಮ ಧಾರವಾಡದ ಓಣಿಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಿಟ್ಟು ಬರೋದೊಂದೇ ಉಳಿದಿದೆ.

ಬೀಳ್ತಾವೆ, ಯಾರು ಇಲ್ಲ ಅಂದರು? ಯಾವಾಗ ಬೀಳ್ತಾವೆ ಅಂತ ಕೇಳಿದರೆ ಗೊತ್ತಿರೋದಿಲ್ಲ. ಮುಂದಿನವು 6-7 ವರ್ಷಕ್ಕೆ ಹೋಗುತ್ತವೆ. ದವಡೆಯವು 10-12 ವರ್ಷದ ತನಕ ಇರಬೇಕು. ಅಲ್ಲಿಯ ತನಕ ಕೂಸು ರೊಟ್ಟಿ ಯಾವುದರಿಂದ ಅಗಿಯಬೇಕು? ಹುಳುಕಾಯಿತು ಅಂತ ಬೇಗ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಆಮೇಲೆ ಬರೋ ಹಲ್ಲು ಜಾಗ ಸಿಗದೆ ಸೊಟ್ಟಗೆ ಬರುತ್ತದೆ. ಆವಾಗ ತಂತಿ ಹಾಕಿಸೋಕೆ ಓಡಾಡ್ತೀರಿ.

ಎಷ್ಟೋ ಹುಳುಕು ರಾತ್ರಿ ಬಾಟಲಿಯಿಂದಲೇ ಬರೋದು. ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸಿಬಿಡ್ತಾರೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಹಲ್ಲಿನ ಮೇಲೆ ಹಾಗೇ ನಿಲ್ಲುತ್ತದೆ. ಕೆಳಗಿನ ಮುಂದಿನ ಹಲ್ಲನ್ನು ನಾಲಿಗೆ ಮುಚ್ಚಿ ಕಾಯುತ್ತದೆ, ಮೇಲಿನವಕ್ಕೆ ಯಾರೂ ಇಲ್ಲ. ಅದಕ್ಕೇ ಮೇಲಿನವೇ ಮೊದಲು ಹೋಗುತ್ತವೆ. ಹಾಲು ಕುಡಿಸಿ, ಬಾಯಿ ಒರೆಸಿ, ಆಮೇಲೆ ಮಲಗಿಸಿ. ವರ್ಷ ತುಂಬಿದ ಮೇಲೆ ಲೋಟದಲ್ಲಿ ಕುಡಿಯೋದು ಕಲಿಸಿ. ನಿಪ್ಪಲ್ಲಿಗೆ ಜೇನು ಹಚ್ಚಿ ಬಾಯಿಗಿಡೋ ಬುದ್ಧಿವಂತರೂ ಇದ್ದಾರೆ, ಅವರಿಗೆ ಏನು ಹೇಳೋದು?

ಈಗ ನಾನು ಬಿಡದೆ ಮಾಡುವ ಕೆಲಸ ಹೇಳ್ತೀನಿ. ಕೂಸನ್ನು ಎದುರಿಗೆ ನಿಲ್ಲಿಸಿಕೊಂಡು ಹಲ್ಲು ಉಜ್ಜಬೇಡಿ. ನೀವು ಬಗ್ಗೋದು, ಅದು ಓಡೋದು, ನಡುವೆ ಬ್ರಷ್ಷು ಗಂಟಲಿಗೆ. ಪಡಸಾಲೆಯಲ್ಲಿ ಬೆಳಕಿಗೆ ಮುಖ ಮಾಡಿ ಚಕ್ಕಳಮಕ್ಕಳ ಕೂಡಿ. ಕೂಸಿನ ತಲೆ ನಿಮ್ಮ ತೊಡೆಯ ಮೇಲೆ, ಕಾಲು ಆ ಕಡೆ ಚಾಚಿರಲಿ. ಮೇಲಿಂದ ನೋಡಿದರೆ ಇಡೀ ಬಾಯಿ ಕಾಣುತ್ತದೆ. ಎಡಗೈ ತೋರುಬೆರಳಿಂದ ಮೇಲಿನ ತುಟಿ ಎತ್ತಿ. ತುಟಿಯ ಒಳಗೆ ನಟ್ಟನಡುವೆ ವಸಡಿಗೆ ಅಂಟಿಕೊಂಡ ತೆಳ್ಳನೆ ಚರ್ಮದ ಎಳೆ ಇದೆಯಲ್ಲ, ಆ ಬೆರಳು ಅದರ ಮೇಲೆ ಅಡ್ಡ ಇರಲಿ. ಬ್ರಷ್ಷು ಬೆರಳಿಗೆ ತಾಗಬೇಕು, ಎಳೆಗೆ ತಾಗಬಾರದು. ಎಷ್ಟೋ ಮಕ್ಕಳು ಬ್ರಷ್ ಕಂಡರೆ ಚೀರೋದು ಹಟಕ್ಕಲ್ಲ, ಅಲ್ಲಿ ಚುಚ್ಚಿಸಿಕೊಂಡ ನೆನಪಿಗೆ. ಹಲ್ಲು ಕಚ್ಚಿ ಹಿಡಿದರೆ ಬಲವಂತ ಬೇಡ. ಕೆನ್ನೆಯ ಒಳಗಿಂದ ಬೆರಳು ಸರಿಸಿ ಕೊನೆಯ ಹಲ್ಲಿನ ಹಿಂದಿನ ವಸಡನ್ನು ಮೆಲ್ಲಗೆ ಒತ್ತಿ, ಬಾಯಿ ತಾನೇ ತೆರೆಯುತ್ತದೆ. ಕೂಸಿನ ಕೈಗೂ ಒಂದು ಬ್ರಷ್ ಕೊಟ್ಟಿರಿ, ಕೈ ಖಾಲಿ ಇದ್ದರೆ ನಿಮ್ಮದನ್ನೇ ಎಳೆಯುತ್ತದೆ. ಒಂದು ಹಾಡು ಮುಗಿಯೋ ತನಕ ಉಜ್ಜಿ, ಸಾಕು.

ಹಲ್ಲು ಮೂಡುವ ಮೊದಲು ನಮ್ಮ ಅತ್ತೆ ಹಳೆ ಧೋತರದ ತುಂಡು ಬೆರಳಿಗೆ ಸುತ್ತಿ ವಸಡು ಒರೆಸುತ್ತಿದ್ದರು. ತಾವು ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ ಉಜ್ಜುತ್ತಿದ್ದರು, ಕೂಸಿನ ಬಾಯಿಗೆ ಮಾತ್ರ ಆ ಕೈ ತರುತ್ತಿರಲಿಲ್ಲ. ಆ ಬಟ್ಟೆಯನ್ನು ದಿನಾ ಕುದಿಸಿ ಬಿಸಿಲಿಗೆ ಹಾಕಬೇಕು.

ಹಲ್ಲು ಬಂತು ಅಂದರೆ ಪೇಸ್ಟು ಬೇಕು. ಹುಳುಕು ತಡೆಯೋ ಫ್ಲೋರೈಡ್ ಇರೋದೇ ಇರಲಿ, ಅದು ಎಷ್ಟಿದೆ ಅನ್ನೋ ಲೆಕ್ಕ ಟ್ಯೂಬಿನ ಮೇಲೆ 1000 ಪಿಪಿಎಂ ಅಂತ ಇದೆಯಾ ನೋಡಿ. ಮೂರು ವರ್ಷದ ತನಕ ಅಕ್ಕಿ ಕಾಳಿನಷ್ಟು ಸವರಿ, ಆಮೇಲೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ತೋರಿಸೋ ಹಾಗೆ ಬ್ರಷ್ ತುಂಬ ಸುರಿಯಬೇಡಿ. ಉಗುಳಿಸಿದರೆ ಆಯಿತು, ಬಕೆಟ್ ನೀರಿನಲ್ಲಿ ಮುಕ್ಕಳಿಸಿ ಪೇಸ್ಟೆಲ್ಲ ತೊಳೆದು ಹಾಕೋದು ಯಾಕೆ? ಏಳೆಂಟು ವರ್ಷದ ತನಕ ನೀವೇ ಉಜ್ಜಬೇಕು. "ನನ್ನ ಮಗ ತಾನೇ ಉಜ್ಜತಾನ" ಅಂತ ಹೆಮ್ಮೆ ಪಡೋರ ಮಕ್ಕಳ ಹಿಂದಿನ ಹಲ್ಲು ನೋಡಿದ್ದೀನಿ.

ತುಟಿ ಎತ್ತಿದಾಗ ವಸಡಿನ ಅಂಚಿಗೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಶುರು. ಆಗಲೇ ಹೋದರೆ ಡಾಕ್ಟರು ಫ್ಲೋರೈಡ್ ವಾರ್ನಿಷ್ ಅನ್ನೋ ಲೇಪ ಹಚ್ಚಿ ಅಲ್ಲಿಗೇ ನಿಲ್ಲಿಸಬಹುದು. ಕಂದು ಬಣ್ಣಕ್ಕೆ ತಿರುಗಿ ತೂತು ಬಿದ್ದ ಮೇಲೆ ಹೋಗೋದೇ ನಮ್ಮವರಿಗೆ ರೂಢಿ. ಮೊದಲ ಹುಟ್ಟುಹಬ್ಬದ ಒಳಗೆ ಒಮ್ಮೆ ತೋರಿಸಿ, ನೋವು ಇಲ್ಲದಾಗ. ಹುಬ್ಬಳ್ಳಿ-ಧಾರವಾಡದವರಿಗೆ ನೆಪವೇ ಇಲ್ಲ, ಸತ್ತೂರಿನಲ್ಲಿ ದೊಡ್ಡ ಹಲ್ಲಿನ ಕಾಲೇಜಿದೆ. ಬೆಳಗ್ಗೆ, ಕೂಸು ಉಂಡು ನಿದ್ದೆ ಮುಗಿಸಿದ ಹೊತ್ತಿಗೆ ಕರಕೊಂಡು ಹೋಗಿ. ಮತ್ತೆ ಮನೆಯಲ್ಲಿ "ಹಟ ಮಾಡಿದರೆ ಡಾಕ್ಟರ್ ಸೂಜಿ ಚುಚ್ತಾರ" ಅನ್ನೋದನ್ನ ಇವತ್ತೇ ಬಿಡಿ. ವರ್ಷವಿಡೀ ಹೆದರಿಸಿ, ಆ ಕುರ್ಚಿ ಮೇಲೆ ಸುಮ್ನೆ ಕೂಡು ಅಂದರೆ ಹೆಂಗೆ ಕೂತೀತು?

ಗದಗಿನ ಮುಂಡರಗಿ ಕಡೆಯವರಿಗೆ ಬೇರೆ ಮಾತು. ಅಲ್ಲಿ ಎಷ್ಟೋ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ, ಅತಿಯಾಗಿ ಹೊಟ್ಟೆಗೆ ಹೋದರೆ ಅದೇ ಹಲ್ಲು ಕೆಡಿಸುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯೋಕೆ ಬರೋದಿಲ್ಲ, ಕುದಿಸಿದರೂ ಅದು ಹೋಗೋದಿಲ್ಲ. ಅಂಥ ನೀರು ಕುಡಿದ ಮಕ್ಕಳ ಹಲ್ಲಿನ ಕಂದು ಕಲೆ ಬೂದಿ, ಇದ್ದಿಲು ತಿಕ್ಕಿದರೆ ಹೋಗೋದಿಲ್ಲ, ಹಲ್ಲು ಸವೆಯುತ್ತದೆ ಅಷ್ಟೇ. ಕೂಸಿಗೆ ಶುದ್ಧ ನೀರಿನ ಘಟಕದ ನೀರು ಕುಡಿಸಿ. ಯಾವ ನೀರು ಕುಡಿತೀರಿ ಅಂತ ಡಾಕ್ಟರಿಗೆ ನೀವಾಗಿ ಹೇಳಿ.

ಇನ್ನೊಂದು. ಆರರ ಸುಮಾರಿಗೆ ಕೊನೆಯ ಹಾಲುಹಲ್ಲಿನ ಹಿಂದೆ ಒಂದು ದವಡೆ ಹಲ್ಲು ಸುಮ್ನೆ ಹುಟ್ಟುತ್ತದೆ. ಆ ಜಾಗದಲ್ಲಿ ಯಾವ ಹಲ್ಲೂ ಬಿದ್ದಿರೋದಿಲ್ಲ, ಹಾಗಾಗಿ ಇದೂ ಹಾಲುಹಲ್ಲೇ ಅಂದುಕೊಳ್ತಾರೆ. ಅಲ್ಲ, ಅದು ಮುದುಕರಾಗೋ ತನಕ ಇರಬೇಕಾದ ಹಲ್ಲು. ಪಕ್ಕದವಕ್ಕಿಂತ ತಗ್ಗಿನಲ್ಲಿ ಇರೋದರಿಂದ ಉದ್ದಕ್ಕೆ ಉಜ್ಜಿದರೆ ಬ್ರಷ್ ಅದರ ಮೇಲಿಂದ ಹಾಯ್ದು ಹೋಗುತ್ತದೆ. ಅದು ಪೂರ್ತಿ ಮೇಲೆ ಬರೋ ತನಕ ಬಾಯಿಯ ಮೂಲೆಯಿಂದ ಬ್ರಷ್ ಅಡ್ಡಕ್ಕೆ ತೂರಿಸಿ, ಅದೊಂದನ್ನೇ ಬೇರೆ ಉಜ್ಜಿ.