ಹಲ್ಲಿನ ಚಿಕಿತ್ಸೆಗೆ ಹೆದರುವವರಿಗೆ ನಾನು ಸೆಡೇಶನ್ ಆರಿಸುವ ಬಗೆ

ನೋವು ತಡೆಯಲಾಗದೆ ಬಂದಿರುತ್ತಾರೆ, ಆದರೂ ಕುರ್ಚಿಯಲ್ಲಿ ಕೂತ ಮೇಲೆ ಬಾಯಿ ತೆರೆಯುವುದಿಲ್ಲ. ಇಂಥವರು ನನ್ನ ಹತ್ತಿರ ತುಂಬಾ ಜನ ಬರುತ್ತಾರೆ. ಹೆಚ್ಚಿನವರು ಕೇಳುವುದು ಒಂದೇ: "ಡಾಕ್ಟ್ರೇ, ಏನೂ ಗೊತ್ತಾಗದ ಹಾಗೆ ಮಲಗಿಸಿಬಿಡಿ." ನಾನು ತಕ್ಷಣ ಹೂಂ ಅನ್ನುವುದಿಲ್ಲ. ಭಯ ಯಾವುದರದ್ದು ಅಂತ ಮೊದಲು ಕೇಳುತ್ತೇನೆ.

ಒಬ್ಬರಿಗೆ ಸೂಜಿಯ ಭಯ, ಇನ್ನೊಬ್ಬರಿಗೆ ಡ್ರಿಲ್ಲಿನ ಸದ್ದಿನದ್ದು. ಕೆಲವರಿಗೆ ಬಾಯೊಳಗೆ ಏನಿಟ್ಟರೂ ವಾಕರಿಕೆ. ಚಿಕ್ಕಂದಿನಲ್ಲಿ ಮರಗಟ್ಟುವ ಮೊದಲೇ ಯಾರೋ ಹಲ್ಲು ಕಿತ್ತಿದ್ದು ಕೆಲವರ ಮನಸ್ಸಿನಿಂದ ಹೋಗಿರುವುದಿಲ್ಲ. ಇವರಿಗೆಲ್ಲ ಒಂದೇ ಮದ್ದು ಸರಿಹೋಗುತ್ತದೆಯೇ? ಭಯ ಅಳೆಯಲು ಐದು ಪ್ರಶ್ನೆಗಳ ಒಂದು ಪಟ್ಟಿ ಇದೆ. ನಾಳೆ ಚಿಕಿತ್ಸೆ ಅಂದರೆ ಹೇಗನಿಸುತ್ತದೆ, ಹೊರಗೆ ಕಾಯುವಾಗ ಹೇಗೆ, ಡ್ರಿಲ್ ಅಂದರೆ, ಕ್ಲೀನಿಂಗ್ ಅಂದರೆ, ಇಂಜೆಕ್ಷನ್ ಅಂದರೆ. ಒಟ್ಟು 25 ಅಂಕ. 19 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಭಯ ವಿಪರೀತ ಅಂತ ಲೆಕ್ಕ. ನಾನಂತೂ ಒಟ್ಟು ಅಂಕಕ್ಕಿಂತ ಯಾವ ಪ್ರಶ್ನೆಗೆ ಜಾಸ್ತಿ ಬಂತು ಅನ್ನುವುದನ್ನೇ ನೋಡುತ್ತೇನೆ.

ಒಂದು ವಿಷಯವನ್ನು ಎಲ್ಲರಿಗೂ ಬಿಡಿಸಿ ಹೇಳುತ್ತೇನೆ. ಸೆಡೇಶನ್ ಅಂದರೆ ಔಷಧಿ ಕೊಟ್ಟು ಮನಸ್ಸನ್ನು ಶಾಂತ ಮಾಡುವುದು. ಅದು ಭಯ ಇಳಿಸುತ್ತದೆ, ಹಲ್ಲನ್ನು ಮರಗಟ್ಟಿಸುವುದಿಲ್ಲ. ಹಾಗಾಗಿ ಒಸಡಿಗೆ ಇಂಜೆಕ್ಷನ್ ಬೇಕೇ ಬೇಕು. ಅದನ್ನು ಚೆನ್ನಾಗಿ ಕೊಟ್ಟರೆ ಅರ್ಧ ಜನರಿಗೆ ಬೇರೇನೂ ಬೇಡ ಅನ್ನಿಸುವಷ್ಟು ವ್ಯತ್ಯಾಸ ಕಂಡಿದ್ದೇನೆ. ಮೊದಲು ಒಸಡು ಒರೆಸಿ, ಮರಗಟ್ಟಿಸುವ ಜೆಲ್ ಹಚ್ಚಿ ಎರಡು ನಿಮಿಷ ಸುಮ್ನೆ ಕಾಯುತ್ತೇನೆ. ಆಮೇಲೆ ಒಂದು ಮಿಲಿ ಲೀಟರ್ ಔಷಧಿ ಒಳಗೆ ಹೋಗಲು ಸುಮಾರು ಒಂದು ನಿಮಿಷ ತೆಗೆದುಕೊಳ್ಳುತ್ತೇನೆ. ಉರಿ ಆಗುವುದು ಬಹಳ ಸಲ ಅವಸರದಿಂದ. ಕೀವು ತುಂಬಿದ ಕಡೆ ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಸರಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಆಮ್ಲೀಯತೆ ಜಾಸ್ತಿ ಇರುತ್ತದೆ. ಅಂಥವರಿಗೆ ಹಲ್ಲಿನ ಪಕ್ಕ ಚುಚ್ಚದೆ, ದೂರದಲ್ಲಿ ನರದ ಬುಡಕ್ಕೇ ಕೊಡುತ್ತೇನೆ. ಕೈ ಎತ್ತಿದರೆ ನಿಲ್ಲಿಸುತ್ತೇನೆ ಅಂತಲೂ ಮಾತು ಕೊಟ್ಟಿರುತ್ತೇನೆ. ಅವರು ಸುಮ್ನೆ ಪರೀಕ್ಷೆ ಮಾಡಲು ಕೈ ಎತ್ತಿದರೂ ನಿಲ್ಲಿಸುತ್ತೇನೆ.

ಇಷ್ಟು ಸಾಲದೆ ಹೋದರೆ ನನ್ನ ಮೊದಲ ಆಯ್ಕೆ ನೈಟ್ರಸ್ ಆಕ್ಸೈಡ್. ಹಲ್ಲಿನ ಕೆಲಸಕ್ಕೆ ಇದು ಹೊಸದೇನಲ್ಲ. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಇದೇ ಗ್ಯಾಸ್ ಉಸಿರಾಡಿ ತನ್ನದೇ ಹಲ್ಲು ಕೀಳಿಸಿಕೊಂಡಿದ್ದ. ಈಗ ಇದನ್ನು ಆಕ್ಸಿಜನ್ ಜೊತೆ ಬೆರೆಸಿಯೇ ಕೊಡುವುದು. ಆಕ್ಸಿಜನ್ ನೂರಕ್ಕೆ 30ಕ್ಕಿಂತ ಕೆಳಗೆ ಇಳಿಯದಂತೆ ಯಂತ್ರದಲ್ಲೇ ತಡೆ ಇರುತ್ತದೆ. ಮೂಗಿಗೆ ಮಾಸ್ಕ್ ಹಾಕಿ, ಮೊದಲು ಬರೀ ಆಕ್ಸಿಜನ್ ಕೊಡುತ್ತೇನೆ. ಆಮೇಲೆ ಗ್ಯಾಸನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತೇನೆ. ಆಗ ನನ್ನ ಕಣ್ಣು ಅವರ ಕೈ ಮೇಲೆ. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದ ಬೆರಳು ಒಂದೊಂದೇ ಸಡಿಲ ಆಗುತ್ತದೆ. ಕಿವಿಯ ಹತ್ತಿರಕ್ಕೆ ಏರಿದ್ದ ಭುಜ ಕೆಳಗಿಳಿಯುತ್ತದೆ. "ಬೆರಳ ತುದಿ ಜುಮ್ ಅಂತಿದೆಯಾ?" ಅಂತ ಕೇಳಿದರೆ "ಹೂಂ, ಮೈ ಬೆಚ್ಚಗಿದೆ" ಅನ್ನುತ್ತಾರೆ. ಅಲ್ಲಿಗೆ ಸಾಕು. ಅದಕ್ಕಿಂತ ಏರಿಸಿದರೆ ತಲೆ ಸುತ್ತಿ ವಾಂತಿ ಬರಬಹುದು. ಎಚ್ಚರ ಪೂರ್ತಿ ಇರುತ್ತದೆ, ಮಾತಾಡುತ್ತಾರೆ, ಬಾಯಿ ತೆರೆಯಿರಿ ಅಂದರೆ ತೆರೆಯುತ್ತಾರೆ. ಕೆಲಸ ಮುಗಿದ ಮೇಲೆ ಐದು ನಿಮಿಷ ಬರೀ ಆಕ್ಸಿಜನ್ ಕೊಟ್ಟರೆ ಅಮಲು ಇಳಿಯುತ್ತದೆ.

ಆದರೆ ಮೂಗು ಕಟ್ಟಿದವರಿಗೆ ಇದು ಆಗುವುದಿಲ್ಲ, ಉಸಿರು ಮೂಗಿಂದಲೇ ಹೋಗಬೇಕಲ್ವಾ? ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಕೊಡುವುದಿಲ್ಲ. ಕಣ್ಣಿನ ಆಪರೇಷನ್ ಮಾಡಿ ಒಳಗೆ ಗ್ಯಾಸ್ ತುಂಬಿದ್ದರೆ ಕೊಡಲೇಬಾರದು, ದೃಷ್ಟಿಗೇ ಅಪಾಯ. ಬಿ12 ತೀರಾ ಕಡಿಮೆ ಇದ್ದವರಿಗೂ ಬೇಡ.

ಎರಡನೆಯದು ಮಾತ್ರೆ. ಡಯಾಜೆಪಾಮ್ ಥರದ್ದು. ಹಿಂದಿನ ರಾತ್ರಿಯೇ ನಿದ್ದೆ ಕೆಡಿಸಿಕೊಳ್ಳುವವರಿಗೆ ಉಪಯೋಗಕ್ಕೆ ಬರುತ್ತದೆ. ಆದರೆ ನುಂಗಿದ ಮೇಲೆ ಹಿಡಿತ ನನ್ನ ಕೈಯಲ್ಲಿ ಇರುವುದಿಲ್ಲ. ಅದೇ ಮಾತ್ರೆ ಒಬ್ಬರಿಗೆ ಏನೂ ಮಾಡದು, ಇನ್ನೊಬ್ಬರನ್ನು ಮಂಪರಿಗೆ ತಳ್ಳುತ್ತದೆ. ಸಾಲಲಿಲ್ಲ ಅಂತ ಅಲ್ಲೇ ಇನ್ನೊಂದು ಕೊಡುವುದನ್ನು ನಾನು ಒಪ್ಪುವುದಿಲ್ಲ. ಮೊದಲನೆಯದು ನಿಧಾನವಾಗಿ ಏರುತ್ತಿದ್ದರೆ ಎರಡೂ ಸೇರಿ ಉಸಿರಾಟವನ್ನೇ ಕುಗ್ಗಿಸಬಹುದು. ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ನಿಲ್ಲುವವರು, ಕುಡಿದು ಬಂದವರು, ಮೊದಲೇ ಬೇರೆ ನಿದ್ದೆ ಮಾತ್ರೆ ಅಥವಾ ಮಾರ್ಫಿನ್ ಜಾತಿಯ ನೋವಿನ ಔಷಧಿ ತಗೊಳ್ಳುವವರು ಇದ್ದರೆ ಇನ್ನೂ ಎಚ್ಚರ ಬೇಕು.

ಬುದ್ಧಿ ಹಲ್ಲಿನ ಆಪರೇಷನ್ ಥರ ದೊಡ್ಡ ಕೆಲಸ ಇದ್ದು, ಭಯವೂ ಜೋರಾಗಿದ್ದರೆ ಮಂಪರು ತರಿಸುವ ಮಿಡಾಜೊಲಾಮ್ ಔಷಧಿಯನ್ನು ರಕ್ತನಾಳಕ್ಕೆ ಕೊಡಿಸುತ್ತೇನೆ. ಇದನ್ನು ನಾನೇ ಕೊಟ್ಟು ನಾನೇ ಹಲ್ಲು ಕೀಳುವುದಿಲ್ಲ. ಅರಿವಳಿಕೆ ತಜ್ಞರು ಪಕ್ಕದಲ್ಲಿರಬೇಕು. ಅವರು ಕೊಡುವುದನ್ನು ನೋಡಿದರೆ ಎಷ್ಟು ತಾಳ್ಮೆಯ ಕೆಲಸ ಅಂತ ಗೊತ್ತಾಗುತ್ತದೆ. ಒಂದು ಮಿಲಿಗ್ರಾಂ ಕೊಟ್ಟು, ಎರಡು ನಿಮಿಷ ಕಾದು, ಮಾತಾಡಿಸಿ, ಮಾತು ತೊದಲುತ್ತಿದೆಯಾ, ರೆಪ್ಪೆ ಭಾರ ಆಗಿದೆಯಾ ಅಂತ ನೋಡಿ ಆಮೇಲೆ ಮುಂದಿನದ್ದು. ಬೆರಳಿಗೆ ಹಾಕಿದ ಪಲ್ಸ್ ಆಕ್ಸಿಮೀಟರ್ ಸದ್ದು ಮಾಡುತ್ತಲೇ ಇರುತ್ತದೆ. ಮುಗಿದ ಮೇಲೆ ಹೆಚ್ಚಿನವರಿಗೆ ಏನಾಯಿತು ಅನ್ನುವುದೇ ನೆನಪಿರುವುದಿಲ್ಲ. ಅದಕ್ಕೇ ಮುಂದಿನ ಸೂಚನೆಗಳನ್ನು ಕರೆದುಕೊಂಡು ಹೋಗಲು ಬಂದವರಿಗೆ ಹೇಳಿ, ಬರೆದೂ ಕೊಡುತ್ತೇನೆ. 24 ಗಂಟೆ ಗಾಡಿ ಓಡಿಸಬಾರದು, ಕಾಗದಪತ್ರಕ್ಕೆ ಸಹಿ ಹಾಕಬಾರದು. ಜೊತೆಗೆ ಯಾರೂ ಬಂದಿಲ್ಲ ಅಂದರೆ ಆ ದಿನ ಸೆಡೇಶನ್ ಕೊಡುವುದಿಲ್ಲ, ಎಷ್ಟೇ ಕೇಳಿಕೊಂಡರೂ ಅಷ್ಟೇ.

ಪೂರ್ತಿ ಅರಿವಳಿಕೆ ಕೊನೆಯ ದಾರಿ. ಆಪರೇಷನ್ ಥಿಯೇಟರ್, ಖಾಲಿ ಹೊಟ್ಟೆ, ಅದರದ್ದೇ ತಯಾರಿ. ಚಿಕಿತ್ಸೆಗೆ ಸಹಕರಿಸಲು ಆಗದವರಿಗೆ, ಒಂದೇ ಸಲಕ್ಕೆ ತುಂಬಾ ಹಲ್ಲಿನ ಕೆಲಸ ಇರುವ ಪುಟ್ಟ ಮಕ್ಕಳಿಗೆ ಅದು ನಿಜಕ್ಕೂ ಬೇಕಾಗುತ್ತದೆ.

ನೀವು ಹೋಗುವ ಕಡೆ ಸೆಡೇಶನ್ ಕೊಡುತ್ತೇವೆ ಅಂದರೆ ಸಂಕೋಚ ಬಿಟ್ಟು ಕೇಳಿ. ಹಲ್ಲಿನ ಕೆಲಸ ನಡೆಯುವಾಗ ನನ್ನ ಉಸಿರಾಟ ನೋಡಿಕೊಳ್ಳಲು ಬೇರೆ ಯಾರಿರುತ್ತಾರೆ? ಆಕ್ಸಿಜನ್ ಇದೆಯಾ? ಮಿಡಾಜೊಲಾಮ್ ಕೊಡುವುದಾದರೆ ಅದನ್ನು ಇಳಿಸುವ ಫ್ಲುಮಾಜೆನಿಲ್ ಕೈಗೆಟುಕುವ ಹಾಗೆ ಇಟ್ಟಿದ್ದೀರಾ? ಈ ಪ್ರಶ್ನೆಗಳಿಗೆ ಯಾವ ದಂತವೈದ್ಯರೂ ಬೇಜಾರಾಗಬಾರದು. ನೇರ ಉತ್ತರ ಸಿಗದಿದ್ದರೆ ಅಲ್ಲಿ ಸೆಡೇಶನ್ ತೆಗೆದುಕೊಳ್ಳಬೇಡಿ.