214ರಲ್ಲಿ 61: ಹಳೇ ಬ್ಲಾಗ್ ಬಿಟ್ಟು ಹೊಸದು ಕಟ್ಟಿಕೊಂಡ ನನ್ನ ಅನುಭವ

ಆಷಾಢ ಬಂತು ಅಂದ್ರೆ ನಮ್ಮ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಪಿಎಚ್‌ಡಿ ಹುಡುಗರ ಥೀಸಿಸ್, ಇಷ್ಟೇ ನಮ್ಮ ಬದುಕು. ಆಷಾಢದಲ್ಲಿ ಲಗ್ನ ಇಲ್ಲ, ಪತ್ರಿಕೆ ಇಲ್ಲ. ಈ ಸಲ ಆ ಒಂದು ತಿಂಗಳು ಕೂತು, ಹತ್ತು ವರ್ಷದಿಂದ ಮುಟ್ಟದೇ ಬಿಟ್ಟಿದ್ದ ನನ್ನ ಬ್ಲಾಗನ್ನು ಬೇರೆ ಕಡೆ ಹೊಸದಾಗಿ ಶುರು ಮಾಡಿದೆ.

ಹಳೇದು ಶುರುವಾಗಿದ್ದು 2008ರಲ್ಲಿ. ಊರು ಸುತ್ತಿ ಬಂದದ್ದು, ತಿಂದದ್ದು, ಅಂಗಡಿಗೆ ಬಂದವರ ಮಾತು, ಎಲ್ಲ ಬರೆದೆ. 2015ರ ಹೊತ್ತಿಗೆ ಎಲ್ಲರೂ ಫೇಸ್‌ಬುಕ್‌ಗೆ ಹೋದರು, ನಾನೂ ಹೋದೆ. ಅಲ್ಲಿ ಲೈಕ್ ಬರ್ತಿತ್ತು ನಿಜ, ಆದರೆ ಎರಡು ವರ್ಷದ ಹಿಂದೆ ಬರೆದದ್ದು ನನಗೇ ಸಿಗುತ್ತಿರಲಿಲ್ಲ. ಒಮ್ಮೆ ಯಾರೋ ಸಜ್ಜೆ ರೊಟ್ಟಿ ಬಗ್ಗೆ ಬರೆದಿದ್ರಲ್ಲ, ಕಳಿಸ್ರಿ ಅಂದರು. ಅರ್ಧ ಗಂಟೆ ಹುಡುಕಿ ಸೋತೆ. ಅವತ್ತೇ ನಿರ್ಧಾರ ಮಾಡಿದೆ, ಬರೆದದ್ದು ನನ್ನ ಮನೇಲೇ ಇರಬೇಕು ಅಂತ.

ಮೊದಲು ಅಂದುಕೊಂಡಿದ್ದು ಹಳೇದು ಒಂದೂ ಬೇಡ, ಹೊಸ ಪಾಟಿ, ಹೊಸ ಬಳಪ ಅಂತ. ಒಂದು ಡೊಮೈನ್, ಅಂದ್ರೆ ವೆಬ್‌ನಲ್ಲಿ ನನ್ನದೇ ಒಂದು ಹೆಸರು, ತಗೊಂಡೆ, ವರ್ಷಕ್ಕೆ ಸಾವಿರ ರೂಪಾಯಿ ಒಳಗೇ ಆಯಿತು. ಅದಕ್ಕೊಂದು ಹೋಸ್ಟಿಂಗ್, ಅಂದ್ರೆ ಫೈಲುಗಳನ್ನು ಇಡೋ ಬಾಡಿಗೆ ಜಾಗ. ಅದರಲ್ಲಿ ಬ್ಲಾಗ್ ನಡೆಸೋ ತಂತ್ರಾಂಶ ವರ್ಡ್‌ಪ್ರೆಸ್ ಹಾಕಿಸಿದೆ. ಹಾಕಿಸಿದೆ ಅಂದ್ರೆ ಅಣ್ಣನ ಮಗ ಹಾಕಿಕೊಟ್ಟ. ಅವನು ಇಂಜಿನಿಯರಿಂಗ್ ಓದ್ತಿದ್ದಾನೆ, ಭಾನುವಾರ ಅಂಗಡಿಗೆ ಬರ್ತಾನೆ. ಹತ್ತು ನಿಮಿಷದ ಕೆಲಸ ಅದು, ಅದರ ಬಗ್ಗೆ ಹೇಳೋಕೇನೂ ಇಲ್ಲ.

ಆಮೇಲೆ ಖಾಲಿ ಪುಟದ ಮುಂದೆ ಕೂತೆ. ಮೂರು ದಿನ ಕೂತೆ. ಒಂದು ಸಾಲೂ ಬರಲಿಲ್ಲ. ಸುಮ್ನೆ ಹಳೇದನ್ನು ತೆಗೆದು ಓದೋಕೆ ಶುರು ಮಾಡಿದೆ, ಅಲ್ಲಿ ಸಿಕ್ಕಿಬಿದ್ದೆ.

2009ರಲ್ಲಿ ಬೀದರಿಗೆ ಹೋಗಿ ಬಂದು ಬಿದ್ರಿ ಕೆಲಸದ ಮೇಲೆ ಒಂದು ಬರೆದಿದ್ದೆ. ಕಪ್ಪಗಿದ್ದದ್ದು ನೋಡಿ ಕಬ್ಬಿಣ ಅಂತ ಬರೆದುಬಿಟ್ಟಿದ್ದೆ! ಕೆಳಗೆ ಬೀದರಿನವರೊಬ್ಬರು ಉದ್ದ ಕಮೆಂಟು ಹಾಕಿದ್ದರು: ಅದು ಕಬ್ಬಿಣ ಅಲ್ಲ, ಸತು, ಸ್ವಲ್ಪ ತಾಮ್ರ ಬೆರೆಸಿರ್ತಾರೆ. ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಸೇರಿಸಿ ಅದರಲ್ಲಿ ತಿಕ್ಕಿದಾಗ ಸತು ಕಪ್ಪಾಗುತ್ತೆ, ಬೆಳ್ಳಿ ಹಾಗೇ ಹೊಳೆಯುತ್ತೆ. ನಾನು ಬರೆದದ್ದಕ್ಕಿಂತ ಆ ಕಮೆಂಟೇ ಚೆನ್ನಾಗಿತ್ತು. ಇದನ್ನು ಬಿಟ್ಟು ಬರೋದು ಹೇಗೆ? ಮತ್ತೆ ನಾನು ಹೊಸದಾಗಿ ಬಿದ್ರಿ ಬಗ್ಗೆ ಬರೆದರೆ ಈ ಮನುಷ್ಯ ಮತ್ತೆ ಬಂದು ತಿದ್ತಾರಾ?

ಹಾಗಾಗಿ ತರಬೇಕು ಅಂತಾಯಿತು. ಹಳೇ ತಾಣದಲ್ಲಿ ಬ್ಯಾಕಪ್ ತಗೊಳ್ಳೋಕೆ ದಾರಿ ಇತ್ತು. ಬರಹ, ಕಮೆಂಟು ಎಲ್ಲ ಒಂದೇ ಎಕ್ಸ್‌ಎಂಎಲ್ ಫೈಲಿನಲ್ಲಿ ಇಳಿಯಿತು. ಲೆಕ್ಕ ಹಾಕಿದರೆ 214 ಬರಹ. ವರ್ಡ್‌ಪ್ರೆಸ್ಸಿನ ಇಂಪೋರ್ಟರ್‌ಗೆ ಅದನ್ನು ಕೊಟ್ಟರೆ ನುಂಗಿಕೊಂಡಿತು. ಎಷ್ಟು ಸಲೀಸು ಅಂತ ಖುಷಿಯಲ್ಲಿ ಚಹಾ ತರಿಸಿದೆ. ಚಹಾ ಬರೋದರೊಳಗೆ ಗೊತ್ತಾಯಿತು, ಆ ಫೈಲಿನಲ್ಲಿ ಫೋಟೋ ಇರಲ್ಲ, ಫೋಟೋದ ವಿಳಾಸ ಮಾತ್ರ ಇರುತ್ತೆ. ನನ್ನ ಅರ್ಧ ಫೋಟೋಗಳು ಇದ್ದದ್ದು ಯಾವುದೋ ಬಿಟ್ಟಿ ಸೇವೆಯಲ್ಲಿ, ಅದು ಮುಚ್ಚಿ ಎಷ್ಟೋ ವರ್ಷ ಆಗಿದೆ. ಬಹಮನಿ ಕೋಟೆ ಇರಬೇಕಾದ ಜಾಗದಲ್ಲೆಲ್ಲ ಖಾಲಿ ಚೌಕ.

ಅಂಗಡಿಯ ಅಟ್ಟದ ಮೇಲೆ ಹಳೇ ಸಿಡಿಗಳ ಡಬ್ಬಿ ಇತ್ತು. ಮಾರ್ಕರ್‌ನಲ್ಲಿ ಬರೆದದ್ದು ಅಳಿಸಿಹೋಗಿ ಯಾವುದು ಬೀದರ್, ಯಾವುದು ಯಾರ ಮನೆಯ ಲಗ್ನ ಒಂದೂ ತಿಳಿಯದು. ಒಂದೊಂದೇ ಹಾಕಿ ನೋಡಿದೆ. ಎರಡು ಸಿಡಿ ಓದಲೇ ಇಲ್ಲ. ಫೋಟೋ ಸಿಕ್ಕ ಬರಹ ಉಳಿಯಿತು. ಬರೀ ಫೋಟೋ ನಂಬಿಕೊಂಡು ಬರೆದಿದ್ದವು ಹೋದವು. ಹೀಗೇ ಸೋಸಿ ಸೋಸಿ 61ಕ್ಕೆ ಬಂದೆ. ಕೈಬಿಟ್ಟವು ಬಹಳಷ್ಟು ಹಬ್ಬದ ಶುಭಾಶಯ, ಅವರಿವರ ಜೊತೆ ಜಗಳ, ಅವತ್ತಿನ ಕರೆಂಟು ಹೋದ ಸುದ್ದಿ. ಓದುವಾಗ ನನಗೇ ನಾಚಿಕೆ.

ಬ್ಲಾಗಿಗೆ ಹಾಕದೇ ಉಳಿದ ಕೆಲವು ಬರಹ ಅಂಗಡಿಯ ಕಂಪ್ಯೂಟರಲ್ಲಿ ನುಡಿ ಫಾಂಟಿನಲ್ಲಿ ಇದ್ದವು. ಡಿಟಿಪಿಯವರಿಗೆ ಇದು ಗೊತ್ತು, ಬೇರೆಯವರಿಗೆ ಹೇಳಬೇಕು. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು ನೋಡೋಕೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳೇ. ಫಾಂಟ್ ತೆಗೆದರೆ ತಲೆ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಅದನ್ನು ವೆಬ್‌ಗೆ ಹಾಕಬೇಕಾದರೆ ಯೂನಿಕೋಡ್‌ಗೆ, ಅಂದ್ರೆ ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ತಿಳಿಯೋ ಸಂಕೇತಕ್ಕೆ, ಬದಲಾಯಿಸಲೇಬೇಕು. ಬದಲಾಯಿಸುವ ಬಿಟ್ಟಿ ಸಾಧನಗಳು ಇವೆ, ಕೆಲಸವೂ ಮಾಡ್ತವೆ. ಆದರೆ ಅರ್ಕಾವತ್ತಿನ ಮೇಲೆ ಕಣ್ಣಿಡಬೇಕು. ‘ಕರ್ಮ’ ಬರೆಯುವಾಗ ಹಳೇ ಫಾಂಟಿನಲ್ಲಿ ಕ, ಮ ಆದಮೇಲೆ ಕೊನೆಗೆ ಅರ್ಕಾವತ್ತಿನ ಕೊಕ್ಕೆ ಬರುತ್ತೆ. ಯೂನಿಕೋಡ್‌ನಲ್ಲಿ ‘ರ’ ಮೊದಲು, ‘ಮ’ ಆಮೇಲೆ. ಈ ಹಿಂದುಮುಂದಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪುತ್ತೆ. ಇನ್ನು ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂತಲೇ ತಿಳಿದು ಬಾಯಲ್ಲಿ ಹೇಳಲಾಗದ ಏನೋ ಮಾಡಿಡುತ್ತೆ. ನಾನು ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು, ಲಗ್ನಪತ್ರಿಕೆಯ ಪ್ರೂಫ್ ನೋಡಿದ ಹಾಗೇ ನೋಡಿದೆ. ಇವು 61ರ ಲೆಕ್ಕಕ್ಕೆ ಸೇರಿಲ್ಲ, ಮುಂದೆ ಹಾಕೋಕೆ ಇಟ್ಟಿದ್ದೀನಿ. ಪರದೆ ಮೇಲೆ ನೋಡಿದರೆ ತಪ್ಪು ಸಿಗಲ್ಲ, ಬೇಕಾದರೆ ಪಂದ್ಯ.

ನಾನು ಮಾಡಿದ ದೊಡ್ಡ ಎಡವಟ್ಟು ಬೇರೆ. 2014ರ ನವೆಂಬರ್ 1ಕ್ಕೆ ನಮ್ಮೂರು ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತಲ್ಲ. ನನ್ನ ಬರಹಗಳ ತುಂಬ ಗುಲ್ಬರ್ಗಾ. ಹೊಸ ಮನೆಗೆ ಹೊಸ ಹೆಸರು ಅಂತ, ಹುಡುಗನಿಗೆ ಹೇಳಿ ಎಲ್ಲ ಕಡೆ ಒಂದೇ ಏಟಿಗೆ ಗುಲ್ಬರ್ಗಾ ತೆಗೆದು ಕಲಬುರಗಿ ಮಾಡಿಸಿದೆ. “ಕಾಕಾ, ಒಮ್ಮೆ ನೋಡ್ರಿ, ವಾಪಸ್ ಬರಂಗಿಲ್ಲ” ಅಂದ. ಏ, ಮಾಡೋ ಅಂದೆ.

ಮರುದಿನ ಓದಿದರೆ ಗುಲ್ಬರ್ಗಾ ವಿಶ್ವವಿದ್ಯಾಲಯ ಇದ್ದದ್ದು ಕಲಬುರಗಿ ವಿಶ್ವವಿದ್ಯಾಲಯ ಆಗಿದೆ. 1980ರಿಂದ ಅದರ ಹೆಸರು ಗುಲ್ಬರ್ಗಾ ವಿಶ್ವವಿದ್ಯಾಲಯವೇ, ಊರಿನ ಹೆಸರು ಬದಲಾದರೂ ಅದು ಬದಲಾಗಿಲ್ಲ. ಅದರ ಥೀಸಿಸ್ ಮುಖಪುಟ ಎಷ್ಟು ಮಾಡಿದ್ದೇನೆ ಅಂತ ಲೆಕ್ಕವಿಲ್ಲ, ನನ್ನ ಕೈಯಲ್ಲೇ ಈ ತಪ್ಪು! ಇನ್ನೊಂದು ಇದಕ್ಕಿಂತ ಮಜಾ. 2008ರಲ್ಲಿ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಬಗ್ಗೆ ಬರೆಯುವಾಗ ‘ಗುಲ್ಬರ್ಗಾ ಜಿಲ್ಲೆಯ ಶಹಾಪುರ’ ಅಂತ ಬರೆದಿದ್ದೆ, ಅವತ್ತಿಗೆ ಅದು ಸರಿ. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆ ಆಗಿ ಶಹಾಪುರ ಅದಕ್ಕೆ ಸೇರಿತು. ಈಗ ನನ್ನ ಬರಹದಲ್ಲಿ ‘ಕಲಬುರಗಿ ಜಿಲ್ಲೆಯ ಶಹಾಪುರ’ ಅಂತ ಕೂತಿದೆ. ಸರಕಾರಿ ಕಾಗದದ ಪ್ರಕಾರ ಅಂಥದ್ದೊಂದು ಊರು ಯಾವತ್ತೂ ಇರಲಿಲ್ಲ.

ಪುಣ್ಯಕ್ಕೆ ಎಕ್ಸ್‌ಎಂಎಲ್ ಫೈಲು ಪೆನ್‌ಡ್ರೈವ್‌ನಲ್ಲಿ ಇತ್ತು. ಎಲ್ಲ ಅಳಿಸಿ ಮತ್ತೆ ಇಂಪೋರ್ಟ್ ಮಾಡಿದೆವು. ಈ ಸಲ ಒಂದಕ್ಷರ ಮುಟ್ಟಲಿಲ್ಲ. ಬರೆದ ತಾರೀಕನ್ನು ಮೇಲೆ ದಪ್ಪಗೆ ಕಾಣೋ ಹಾಗೆ ಹಾಕಿದೆ, ಅಷ್ಟೇ. 2008ರಲ್ಲಿ ಬರೆದವನು ಗುಲ್ಬರ್ಗಾ ಅಂತಲೇ ಬರೀತಾನೆ, ಅಲ್ವಾ? ಬಿದ್ರಿಯ ಕಬ್ಬಿಣವನ್ನೂ ಹಾಗೇ ಬಿಟ್ಟೆ. ಕಮೆಂಟು ಕೆಳಗಿದೆ, ಮೇಲೆ ಒಂದು ಸಾಲು ಸೇರಿಸಿದೆ: ನಾನು ಇಲ್ಲಿ ತಪ್ಪು ಬರೆದಿದ್ದೇನೆ, ಕೆಳಗೆ ಹೋಗಿ ಸರಿಯಾದದ್ದು ಓದ್ರಿ.

ಒಂದೊಂದು ಬರಹದ ವೆಬ್ ವಿಳಾಸದ ವಿಷಯದಲ್ಲೂ ಕಲಿತೆ. ಹಳೇ ತಾಣದಲ್ಲಿ ಕನ್ನಡ ತಲೆಬರಹ ಇಟ್ಟರೆ ವಿಳಾಸದಲ್ಲಿ ಅದು ಬರ್ತಿರಲಿಲ್ಲ, ಬರೀ ಒಂದು ಸಂಖ್ಯೆ. ವರ್ಡ್‌ಪ್ರೆಸ್ ಕನ್ನಡವನ್ನೇ ವಿಳಾಸ ಮಾಡುತ್ತೆ. ಮೊದಲು ಹೆಮ್ಮೆ ಅನಿಸಿತು. ಆದರೆ ಒಳಗೆ ನಡೆಯೋದು ಬೇರೆ. ಕಂಪ್ಯೂಟರಿನ ಲೆಕ್ಕದಲ್ಲಿ ಒಂದೊಂದು ಕನ್ನಡ ಚಿಹ್ನೆ ಮೂರು ಬೈಟ್, ಅಂದ್ರೆ ಮೂರು ತುಣುಕು, ವಿಳಾಸದಲ್ಲಿ ಒಂದೊಂದು ಬೈಟ್‌ಗೆ ಪರ್ಸೆಂಟ್ ಗುರುತು ಸೇರಿ ಮೂರು ಅಕ್ಷರ, ಅಂದ್ರೆ ಒಂದು ‘ಕ’ಗೆ ಒಂಬತ್ತು ಅಕ್ಷರದ ಜಾಗ. ದೀರ್ಘ, ಕೊಂಬು, ಒತ್ತು ಎಲ್ಲವನ್ನೂ ಪ್ರತ್ಯೇಕವಾಗಿ ಎಣಿಸುತ್ತೆ. ವರ್ಡ್‌ಪ್ರೆಸ್ ಇಡೋದು 200 ಅಕ್ಷರ. ‘ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗುವ ಬಿದ್ರಿ’ ಅಂತ ತಲೆಬರಹ ಕೊಟ್ಟರೆ ವಿಳಾಸ ‘ಬೀದರ್-ಕೋಟೆಯ-ಮಣ್ಣಿನಿಂದ-ಕಪ’ಕ್ಕೆ ತುಂಡಾಯಿತು. ವಾಟ್ಸಾಪ್‌ನಲ್ಲಿ ಕಳಿಸಿದರೆ ಅರ್ಧ ಪರದೆ ತುಂಬ ಪರ್ಸೆಂಟ್ ಗುರುತು. ನನ್ನ ಭಾವ ಅದನ್ನು ನೋಡಿ ವೈರಸ್ ಅಂದುಕೊಂಡು ಡಿಲೀಟ್ ಮಾಡಿದ್ದರಂತೆ. ಈಗ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಎರಡೇ ಪದ, ನಾನೇ ಕೈಯಾರೆ ಬರೀತೀನಿ.

ನೋಟದ ಬಗ್ಗೆ ಡಿಟಿಪಿಯವನಾಗಿ ಒಂದು ಮಾತು ಹೇಳದೇ ಇರಲಾರೆ. ಥೀಮ್‌ಗಳು, ಅಂದ್ರೆ ಬ್ಲಾಗಿನ ಸಿದ್ಧ ವಿನ್ಯಾಸಗಳು, ಎಲ್ಲ ಇಂಗ್ಲಿಷ್ ನೋಡಿಕೊಂಡು ಮಾಡಿದವು. ಸಾಲಿನ ನಡುವೆ ಜಾಗ ಕಡಿಮೆ. ‘ರಾಷ್ಟ್ರ’ ಬರೆದರೆ ಒತ್ತುಗಳು ಕೆಳಗಿನ ಸಾಲಿನವರ ತಲೆ ಮೇಲೆ ಕೂರ್ತವೆ. ನಾನು ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.8 ಪಟ್ಟು ಮಾಡಿದ ಮೇಲೆ ಉಸಿರಾಡಿತು. ತಲೆಬರಹದಲ್ಲಿ ಅಕ್ಷರಗಳನ್ನು ದೂರ ದೂರ ಇಡುವ ಒಂದು ಫ್ಯಾಷನ್ ಇದೆ, ಅದನ್ನು ಸೊನ್ನೆ ಮಾಡಿದೆ. ಓರೆ ಅಕ್ಷರವನ್ನೂ ತೆಗೆದೆ, ಕನ್ನಡಕ್ಕೆ ಓರೆ ಮಾಡಿದರೆ ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ ಕಾಣುತ್ತೆ. ಫಾಂಟ್ ನೋಟೋ ಸಾನ್ಸ್ ಕನ್ನಡ. ಚೆಲುವೇನಲ್ಲ, ಆದರೆ ಸಣ್ಣ ಫೋನಿನಲ್ಲೂ ಓದೋಕೆ ಬರುತ್ತೆ.

ಹಳೇ ಬ್ಲಾಗನ್ನು ಅಳಿಸಲಿಲ್ಲ. ಯಾರ್ಯಾರೋ ಎಲ್ಲೆಲ್ಲೋ ಅದರ ಲಿಂಕ್ ಕೊಟ್ಟಿದ್ದಾರೆ. ಅಲ್ಲಿಂದ ತಾನೇ ಇಲ್ಲಿಗೆ ತಿರುಗಿಸೋದು ನಮಗೆ ಆಗಲಿಲ್ಲ, ಹಾಗಾಗಿ 61 ಬರಹದ ಮೇಲೂ ಒಂದೊಂದು ಸಾಲು ಹಾಕಿದೆ, ಮನೆ ಬದಲಾಗಿದೆ, ಇಲ್ಲಿ ಬರ್ರಿ ಅಂತ. ಎರಡು ಸಂಜೆ ಹಿಡಿಯಿತು.

ಇಷ್ಟೆಲ್ಲ ಆದಮೇಲೂ ಹೊಸದು ಒಂದೂ ಬರೆದಿರಲಿಲ್ಲ. ಆಷಾಢ ಮುಗೀತಾ ಬಂತು, ಅಂಗಡಿಗೆ ಜನ ಬರೋಕೆ ಶುರು. ಶ್ರಾವಣದ ಲಗ್ನಕ್ಕೆ ಪತ್ರಿಕೆ ಮಾಡಿಸೋಕೆ ಒಬ್ಬ ಹಿರಿಯರು ಬಂದರು. ಸ್ಥಳ ಅಂತ ಇದ್ದ ಕಡೆ ನಾನು ಕಲಬುರಗಿ ಅಂತ ಹೊಡೆದು ಪ್ರೂಫ್ ಕೊಟ್ಟೆ. ಕನ್ನಡಕ ಏರಿಸಿ ನೋಡಿ, “ಗುಲ್ಬರ್ಗಾ ಅಂತ ಹಾಕ್ರಿ” ಅಂದರು. ಹೆಸರು ಬದಲಾಗಿ ಹತ್ತು ವರ್ಷ ಆಯ್ತಲ್ರೀ ಅಂದೆ.

“ಖರೇ ಅದ. ಆದ್ರ ಬೀಗರು ಸೋಲಾಪುರದವರು. ಅವರು ಗುಲ್ಬರ್ಗಾಕ್ಕ ಇಳೀತಾರ, ಕಲಬುರಗಿಗಿ ಅಲ್ಲ.”

ಕೊನೆಗೆ ಕನ್ನಡದ ಕಡೆ ಕಲಬುರಗಿ, ಮರಾಠಿ ಕಡೆ ಗುಲ್ಬರ್ಗಾ ಅಂತ ಹಾಕಿಕೊಟ್ಟೆ. ಅವರು ಹೋದಮೇಲೆ ಅಂಗಡಿಯ ಶಟರ್ ಅರ್ಧ ಎಳೆದು ಅದನ್ನೇ ಬರೆದು ಹಾಕಿದೆ, 62ನೇದು.